ಅಕ್ಕ ಖಾಲಿ ಬಿಟ್ಟ ಒಂಬತ್ತು ಚೌಕಗಳು

ಇವರಿಗೆ,
ಅಧ್ಯಕ್ಷರು, ನೈತಿಕ ಸಮಿತಿ,
ಕಣ್ಣಿನ ನ್ಯಾನೋ ಔಷಧದ ಪ್ರಯೋಗ ನಡೆಸುತ್ತಿರುವ ನಮ್ಮ ಭಾಗದ ಆಸ್ಪತ್ರೆ.

ಮಾನ್ಯ ಅಧ್ಯಕ್ಷರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಯೋಗದಿಂದ ನನ್ನ ಅಕ್ಕ ರಾಧಾಬಾಯಿಯನ್ನು ಕೈಬಿಟ್ಟಿದ್ದೀರಿ. ಆಕೆ ಮಾಡಿದ ತಪ್ಪೆಂದರೆ ನೀವು ಕೊಟ್ಟ ಡೈರಿಯಲ್ಲಿ ನಿಜ ಬರೆದದ್ದು. ಸುಳ್ಳು ಬರೆದವರು ಒಳಗಿದ್ದಾರೆ, ಹೊಸ ಔಷಧ ಹಾಕಿಕೊಳ್ಳುತ್ತಿದ್ದಾರೆ, ಅವರ ಕಣ್ಣಿಗೆ ಒಳ್ಳೆಯದಾಗುತ್ತಿದೆ. ಅದಕ್ಕೆ ನನಗೆ ಸಂತೋಷವೇ ಇದೆ. ಆದರೆ ನಿಜ ಬರೆದವಳು ಹೊರಗೆ ಕೂತು, ಉಳಿದ ಒಂದೇ ಒಂದು ಕಣ್ಣನ್ನೂ ದಿನದಿನಕ್ಕೆ ಕಳೆದುಕೊಳ್ಳುತ್ತಿದ್ದಾಳೆ. ಈ ಬಗ್ಗೆ ನಿಮಗೆ ಎರಡು ಸಲ ಖಾಸಗಿಯಾಗಿ ಬರೆದೆ. ಎರಡಕ್ಕೂ 'ತಮ್ಮ ಪತ್ರ ಸ್ವೀಕೃತವಾಗಿದೆ' ಎಂಬ ಒಂದೇ ಸಾಲಿನ ಉತ್ತರ ಬಂತು. ಸ್ವೀಕರಿಸುವುದರಲ್ಲಿ ನಿಮ್ಮ ಕಚೇರಿ ಯಾರಿಗೂ ಕಡಿಮೆಯಿಲ್ಲ. ಓದುವ ಹೊಣೆ ಯಾರಿಗೆ ವಹಿಸಿದ್ದೀರೆಂದು ಮಾತ್ರ ತಿಳಿಯಲಿಲ್ಲ. ಹಾಗಾಗಿ ಮೂರನೆಯ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಡುವೆ ಯಾರಾದರೂ ನಿಮಗೂ ಓದಿ ಹೇಳಬಹುದು.

ನಾನು ಡಾಕ್ಟರಲ್ಲ. ಹೊಸಪೇಟೆಯಲ್ಲಿ ಮೂವತ್ತೆರಡು ವರ್ಷಗಳಿಂದ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಸಂಡೂರಿನ ಅದಿರು ಲಾರಿಗಳ ಡ್ರೈವರುಗಳು, ಕಂಪ್ಲಿಯ ಅಕ್ಕಿ ಗಿರಣಿಯವರು, ಹಂಪಿಯ ಬಿಸಿಲಲ್ಲಿ ದಿನವಿಡೀ ಪ್ರವಾಸಿಗರಿಗೆ ಕಥೆ ಹೇಳುವ ಗೈಡುಗಳು, ಎಲ್ಲರ ಕಣ್ಣನ್ನೂ ಗಾಜಿನ ಹಿಂದಿನಿಂದ ನೋಡಿದ್ದೇನೆ. ಕನ್ನಡಕದಿಂದ ಸರಿಹೋಗದ ಕಣ್ಣು ಯಾವುದೆಂದು ತಿಳಿಯುವಷ್ಟು ಅನುಭವ ನನಗಿದೆ. ಗ್ಲಾಕೋಮಾ ಅಂಥದ್ದು. ಕಣ್ಣಿನೊಳಗಿನ ಒತ್ತಡ ಏರಿ, ಹಿಂದಿನ ನರ ಸವೆಯುತ್ತ ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕುಗ್ಗುತ್ತ ಬರುತ್ತದೆ, ಹೋದದ್ದು ಹೋದಂತೆಯೇ. ಹನಿ ಹಾಕಿಕೊಂಡು ಇರುವಷ್ಟನ್ನು ಉಳಿಸಿಕೊಳ್ಳಬೇಕು, ಅಷ್ಟೆ. ನನ್ನ ಅಂಗಡಿಯ ಮುಂದೆ ನಿಲ್ಲಿಸಿದ್ದ ಬೈಕಿಗೆ ಅಕ್ಕ ಡಿಕ್ಕಿ ಹೊಡೆದು ಬೀಳುವವರೆಗೂ ಆಕೆಯ ಎಡಗಣ್ಣು ಹೋಗಿರುವುದು ನನಗೆ ಗೊತ್ತಾಗಲಿಲ್ಲ. ಇಡೀ ತಾಲ್ಲೂಕಿನ ಕಣ್ಣು ಪರೀಕ್ಷೆ ಮಾಡುವ ಮಹಾಶಯ ಸ್ವಂತ ಮನೆಯಲ್ಲಿ ಮಾಡಿದ ಸಾಧನೆ ಇದು. ನಾಲ್ಕು ವರ್ಷವಾಯಿತು, ಆ ನಾಚಿಕೆ ಇನ್ನೂ ಹೋಗಿಲ್ಲ.

ಅಕ್ಕನಿಗೀಗ ಅರವತ್ತೇಳು. ಕಂಪ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾಗಿ ನಮ್ಮ ಜೊತೆಯಲ್ಲೇ ಇದ್ದಾಳೆ. ಬೆಳಿಗ್ಗೆ ಪತ್ರಿಕೆಯನ್ನು ಮೊದಲ ಪುಟದಿಂದ ಹರಾಜಿನ ಪ್ರಕಟಣೆಗಳವರೆಗೂ ಓದಿ, ಕಾಗುಣಿತ ತಪ್ಪಿದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕುವುದು ಆಕೆಯ ದಿನದ ಮೊದಲ ಕೆಲಸ. ಆಕೆಗೆ ಅದರಷ್ಟು ಖುಷಿಯ ಕೆಲಸ ಇನ್ನೊಂದಿಲ್ಲ. ಈಗ ಬಲಗಣ್ಣಿನಲ್ಲಿ ನಡುವಿನ ಒಂದಿಷ್ಟು ಭಾಗ ಮಾತ್ರ ಉಳಿದಿದೆ. ಒಂದು ಸಾಲು ಮುಗಿದ ಮೇಲೆ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ಹುಡುಕುತ್ತಾಳೆ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಪತ್ರಿಕೆ ಮಧ್ಯಾಹ್ನದ ಊಟದವರೆಗೂ ಮುಗಿಯುವುದಿಲ್ಲ.

ಇನ್ನು ಹನಿಯ ವಿಷಯ. ಕಣ್ಣಿಗೆ ಬಿಟ್ಟ ಹನಿ ಪೂರ್ತಿ ಕಣ್ಣಿನಲ್ಲೇ ಇರುತ್ತದೆಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಎರಡು ಸಲ ರೆಪ್ಪೆ ಬಡಿದರೆ ಹೆಚ್ಚಿನ ಪಾಲು ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಮೂಗಿನ ಪಕ್ಕದ ಸಣ್ಣ ನಾಳದಲ್ಲಿ ಇಳಿದು ಗಂಟಲಿಗೆ ಹೋಗುತ್ತದೆ. ಕಣ್ಣಿನೊಳಕ್ಕೆ ಇಳಿಯುವುದು ನೂರರಲ್ಲಿ ನಾಲ್ಕೈದು ಪಾಲು. ಅದಕ್ಕೇ ದಿನಕ್ಕೆ ಮೂರು ಹೊತ್ತು ಹಾಕಬೇಕು, ಅದಕ್ಕೇ ಹಾಕಿದ ಐದು ನಿಮಿಷಕ್ಕೆ ನಾಲಗೆಯ ಬುಡದಲ್ಲಿ ಕಹಿ. ನಿಮ್ಮ ಹೊಸ ಔಷಧದ ಹೆಚ್ಚುಗಾರಿಕೆ ಇಲ್ಲೇ ಇದೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳಲ್ಲಿ ಔಷಧವನ್ನು ತುಂಬಿದ್ದಾರೆ. ಆ ಕಣಗಳು ಕಣ್ಣೀರಿಗೆ ತೊಳೆದುಹೋಗದೆ ಕಣ್ಣಿನ ಮೇಲ್ಮೈಗೆ ಅಂಟಿಕೊಂಡು, ದಿನಕ್ಕಿಷ್ಟರಂತೆ ಔಷಧವನ್ನು ಒಳಗೆ ಬಿಡುತ್ತವೆ. ವಾರಕ್ಕೆ ಒಂದೇ ಹನಿ. ಗಂಟಲಿಗೆ ಇಳಿಯುವುದು ಇಲ್ಲವೆಂಬಷ್ಟು ಕಡಿಮೆ. ಹದಿನಾಲ್ಕು ಪುಟಗಳ ನಿಮ್ಮ ಕರಪತ್ರವನ್ನು ನಾನು ಅಕ್ಷರ ಬಿಡದೆ ಓದಿ, ಅಕ್ಕನಿಗೂ ಓದಿ ಹೇಳಿದೆ. ಆಕೆ ಎರಡು ಸಲ ಕೇಳಿದ ಪ್ರಶ್ನೆ ಒಂದೇ: ಗಂಟಲಿಗೆ ಕಹಿ ಬರುವುದಿಲ್ಲವೆಂಬುದು ಖಾತ್ರಿಯೇ?

ಯಾಕೆ ಕೇಳಿದಳೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ, ಹೇಳುತ್ತೇನೆ. ನಮ್ಮದು ವೈಷ್ಣವ ಮನೆತನ. ಅಕ್ಕ ಹದಿನೇಳನೆಯ ವಯಸ್ಸಿನಿಂದ ಏಕಾದಶಿಗೆ ನಿರ್ಜಲ ಉಪವಾಸ ಮಾಡುತ್ತಾಳೆ. ಆ ದಿನದ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಒಂದು ತೊಟ್ಟು ನೀರೂ ಗಂಟಲಿಗೆ ಇಳಿಯಬಾರದು. ಕಣ್ಣಿಗೆ ಹಾಕಿದ ಹನಿ ಗಂಟಲಿಗೆ ಇಳಿಯುತ್ತದೆ, ಕಹಿ ಗೊತ್ತಾಗುತ್ತದೆ. ಆದ್ದರಿಂದ ಏಕಾದಶಿಯ ದಿನ ಮೂರು ಹೊತ್ತೂ ಹನಿ ಇಲ್ಲ. ನಿಮಗೆ ನಗು ಬರುತ್ತಿರಬಹುದು. ನನಗೂ ಬಂದಿತ್ತು, ಆಮೇಲೆ ಸಿಟ್ಟು ಬಂತು. ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆಂದು ತೋರಿಸಿಕೊಟ್ಟೆ. ಐದು ನಿಮಿಷ ಒತ್ತಿ ಹಿಡಿದಳು, ಆದರೂ ಕಹಿ ಬಂತು. ಮಠದ ಆಚಾರ್ಯರನ್ನೇ ಮನೆಗೆ ಕರೆದುಕೊಂಡು ಬಂದೆ. ರೋಗಿಗೆ ಔಷಧದಿಂದ ದೋಷವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಅಕ್ಕ ಅವರಿಗೆ ನಮಸ್ಕಾರ ಮಾಡಿ ಕಳಿಸಿ, ನನ್ನ ಕಡೆ ತಿರುಗಿ, "ಅವ್ರು ಬಿಟ್ಟಾರು, ನನ್ನ ನಾಲಿಗಿ ಬಿಡಬೇಕಲ್ಲೋ. ಗಂಟಲ್ದಾಗ ಕಹಿ ಇಳದ ಮ್ಯಾಲೆ ಉಪವಾಸ ಎಲ್ಲಿಂದ ಬಂತು?" ಎಂದಳು. ಐವತ್ತು ವರ್ಷದ ವ್ರತದ ಮುಂದೆ ನನ್ನ ಎರಡು ನಿಮಿಷದ ಉಪಾಯ ನಡೆಯಲಿಲ್ಲ. ಹೀಗಾಗಿ ಅಧ್ಯಕ್ಷರೇ, ವಾರಕ್ಕೊಂದೇ ಹನಿ, ಕಹಿ ಇಲ್ಲ, ಒಂದು ದಿನ ಹಿಂದೆಮುಂದೆ ಆದರೂ ಅಡ್ಡಿಯಿಲ್ಲ ಎಂಬ ಔಷಧ ಈ ಲೋಕದಲ್ಲಿ ಯಾರಿಗಾದರೂ ಹೇಳಿ ಮಾಡಿಸಿದಂತಿದ್ದರೆ ಅದು ನನ್ನ ಅಕ್ಕನಿಗೆ. ಕಂಪ್ಲಿಯಲ್ಲಿ ನಡೆದ ನಿಮ್ಮ ಶಿಬಿರಕ್ಕೆ ಆಕೆಯನ್ನು ನಾನೇ ಕರೆದುಕೊಂಡು ಹೋಗಿ ಹೆಸರು ಬರೆಸಿದೆ.

ಆದರೆ ಹೊಸ ಹನಿಗೆ ಮುಂಚೆ ನೀವು ಒಂದು ಪರೀಕ್ಷೆ ಇಟ್ಟಿರಿ. ಮೊದಲ ಆರು ವಾರ ಎಲ್ಲರಿಗೂ ಹಳೆಯ ಹನಿಯೇ, ದಿನಕ್ಕೆ ಮೂರು ಸಲ. ಹಾಕಿಕೊಂಡಾಗಲೆಲ್ಲ ಡೈರಿಯ ಒಂದು ಚೌಕದಲ್ಲಿ ಟಿಕ್. ಒಟ್ಟು ನೂರಿಪ್ಪತ್ತಾರು ಚೌಕ. ಆರಕ್ಕಿಂತ ಹೆಚ್ಚು ಖಾಲಿ ಉಳಿದರೆ ಪ್ರಯೋಗದಿಂದ ಹೊರಗೆ. ಈ ಆರರ ಲೆಕ್ಕವನ್ನು ರೋಗಿಗಳಿಗೆ ಹೇಳಿರಲಿಲ್ಲ. 'ಪ್ರಾಮಾಣಿಕವಾಗಿ ದಾಖಲಿಸಿ' ಎಂದಷ್ಟೇ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ. ಏಕಾದಶಿಯ ಚೌಕಗಳಿಗೆ ಏನು ಮಾಡಬೇಕೆಂದು ಅಕ್ಕ ನನ್ನನ್ನು ಕೇಳಿದಳು. ವಿಜ್ಞಾನದ ಬಗ್ಗೆ ಭಾರಿ ತಿಳಿದವನಂತೆ ನಾನು, ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆ, ಓದುವವರಿಗೆ ಅದೇ ಮುಖ್ಯ, ಜನ ಯಾಕೆ ಹನಿ ತಪ್ಪಿಸುತ್ತಾರೆಂದು ತಿಳಿದುಕೊಳ್ಳಲಿಕ್ಕೇ ಇಷ್ಟೆಲ್ಲ ಮಾಡುತ್ತಿದ್ದಾರೆ ಎಂದೆ. ಆಕೆ ಗುಂಡಗಿನ ಮೇಷ್ಟ್ರ ಅಕ್ಷರದಲ್ಲಿ ಮೂರು ಕಡೆ 'ಏಕಾದಶಿ, ಉಪವಾಸ, ಹಾಕಿಲ್ಲ' ಎಂದು ಬರೆದಳು. ಆರು ವಾರದಲ್ಲಿ ಮೂರು ಏಕಾದಶಿ, ಒಂಬತ್ತು ಚೌಕ ಖಾಲಿ. ಉಳಿದ ನೂರಾ ಹದಿನೇಳರಲ್ಲಿ ಒಂದೂ ತಪ್ಪಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಇಷ್ಟು ನಿಯಮದಿಂದ ಯಾವುದಾದರೂ ಔಷಧ ತೆಗೆದುಕೊಂಡವರು ಎಷ್ಟು ಜನ ಇದ್ದಾರೆ?

ಡೈರಿ ಒಪ್ಪಿಸುವ ದಿನ ನಿಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ನಾವು ಕೂತಿದ್ದೆವು. ಪಕ್ಕದಲ್ಲಿ ಒಬ್ಬ ಟಿಪ್ಪರ್ ಡ್ರೈವರು ಇದ್ದ. ಅವನನ್ನು ಇಲ್ಲಿ ಗಾದಿಗನೂರಿನ ಮೂಕಣ್ಣ ಎಂದು ಕರೆಯುತ್ತೇನೆ. ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ, ಹುಡುಕಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅವನು ನನ್ನ ಪೆನ್ನು ಕೇಳಿ ಪಡೆದು, ತನ್ನ ಡೈರಿ ತೆರೆದು, ನೂರಿಪ್ಪತ್ತಾರು ಚೌಕಗಳಿಗೂ ಒಂದೇ ಉಸಿರಿನಲ್ಲಿ ಟಿಕ್ ಹಾಕತೊಡಗಿದ. ಅರ್ಧ ಮುಗಿದಾಗ, ಬೇರೆ ಬಣ್ಣದ ಪೆನ್ನು ಇದೆಯೇ ಎಂದೂ ಕೇಳಿದ. ಹತ್ತು ನಿಮಿಷದಲ್ಲಿ ಆರು ವಾರದ ಚಿಕಿತ್ಸೆ ಮುಗಿಯಿತು. ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯ ಒಬ್ಬ ಹೆಣ್ಣುಮಗಳು ಅಕ್ಕನ ಡೈರಿಯನ್ನು ತಿರುವಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು. "ಸರ್, ಅಮ್ಮಾರು ಒಂಬತ್ತು ಖಾಲಿ ಬಿಟ್ಟಾರ್ರಿ. ಆರರ ತನಕ ನಡೀತದ. ಮೂರು ಟಿಕ್ ಹಾಕಿಸಿಕೊಡ್ರಿ, ನಾ ಇನ್ನಾ ತೆಗದು ನೋಡಿಲ್ಲ ಅಂತೀನಿ" ಎಂದಳು. ಆ ಮಗಳ ಹೆಸರನ್ನೂ ನಾನು ಹೇಳುವುದಿಲ್ಲ. ನಿಮ್ಮ ಕಟ್ಟಡದಲ್ಲಿ ಅಕ್ಕನ ಕಣ್ಣಿನ ಬಗ್ಗೆ ಚಿಂತೆ ಮಾಡಿದವಳು ಅವಳೊಬ್ಬಳೇ.

ಈಗ ನನ್ನ ತಪ್ಪೊಪ್ಪಿಗೆ. ನಿಜ ಬರೆ ಎಂದು ಆರು ವಾರದ ಹಿಂದೆ ಉಪದೇಶ ಮಾಡಿದ್ದ ನಾನು ಅದೇ ಪೆನ್ನನ್ನು ಅಕ್ಕನ ಕೈಗೆ ಕೊಟ್ಟು, ಮೂರೇ ಮೂರು ಟಿಕ್ ಹಾಕು ಎಂದು ಬೇಡಿಕೊಂಡೆ. ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡೆ. ನಿನ್ನ ಕಣ್ಣಿಗಿಂತ ಮೂರು ಚೌಕ ದೊಡ್ಡದೇ ಎಂದೆ. ಮೂಕಣ್ಣನ ಡೈರಿಯ ಕಡೆ ಕೈ ತೋರಿಸಿದೆ. ಆಕೆ ಪೆನ್ನು ಹಿಡಿದು, ಮೊದಲ ಖಾಲಿ ಚೌಕವನ್ನು ಬೆರಳಿಟ್ಟು ಹುಡುಕಿದಳು. ಹಾಕುತ್ತಾಳೆ ಎಂದೇ ಅಂದುಕೊಂಡೆ. "ಮೂವತ್ತೊಂದು ವರ್ಷ ಬರದ ಹುಡುಗಿಗೆ ಒಂದಿನಾ ಹಾಜರಿ ಹಾಕಿದಾಕಿ ಅಲ್ಲ ನಾ. ಈಗ ನನಗ ನಾನ ಹಾಕ್ಕೊಳ್ಳೇನೋ, ಧೀಶ?" ಎಂದು ಕೇಳಿ ಪೆನ್ನು ವಾಪಸು ಕೊಟ್ಟಳು. ದನಿಯಲ್ಲಿ ಹೆಮ್ಮೆ ಇರಲಿಲ್ಲ, ಅಳು ಇತ್ತು. ಹತ್ತು ದಿನಕ್ಕೆ ನಿಮ್ಮ ಪತ್ರ ಬಂತು. ಚಿಕಿತ್ಸೆಗೆ 'ಅಸಹಕಾರ' ತೋರಿದ ಕಾರಣ ಆಕೆಯನ್ನು ಕೈಬಿಡಲಾಗಿದೆ ಎಂದಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದ ಆ ಪದವನ್ನು ಅಕ್ಕ ಪಾಠ ಹೇಳುವಾಗ ಎಷ್ಟು ಸಲ ಬಳಸಿದ್ದಳೋ ಏನೋ, ತನ್ನ ಹೆಸರಿನ ಪಕ್ಕದಲ್ಲಿ ಕಂಡದ್ದು ಅದೇ ಮೊದಲು. ಆಕೆ ಏಕಾದಶಿಯೆಂದು ಕಾರಣ ಬರೆದಿದ್ದಳಲ್ಲ, ಆ ಮೂರು ಸಾಲುಗಳ ಬಗ್ಗೆ ನಿಮ್ಮ ಪತ್ರದಲ್ಲಿ ಚಕಾರವಿರಲಿಲ್ಲ.

ಮೂಕಣ್ಣ ಆಯ್ಕೆಯಾದ. ಎರಡು ತಿಂಗಳ ನಂತರ ಓದುವ ಕನ್ನಡಕ ಮಾಡಿಸಲು ನನ್ನ ಅಂಗಡಿಗೆ ಬಂದಾಗ ಗುರುತು ಹಿಡಿದೆ. ಹಳೆಯ ಹನಿಯನ್ನು ನೀನು ನಿಜಕ್ಕೂ ಹಾಕಿಕೊಳ್ಳುತ್ತಿದ್ದೆಯಾ ಎಂದು ಕೇಳಿದೆ. ಮುಚ್ಚಿಡಲಿಲ್ಲ. ಅದಿರು ತುಂಬುವಲ್ಲಿ ಧೂಳಿಗೆ ಕಣ್ಣು ಸದಾ ಸುರಿಯುತ್ತಿರುತ್ತದೆ, ಹಾಕಿದ ಹನಿ ಟವೆಲಿಗೆ ಹೋಗುತ್ತದೆ. ಸೀಸೆಯನ್ನು ತಂಪಿನಲ್ಲಿಡಬೇಕು, ಗಾಡಿಯ ಕ್ಯಾಬಿನ್ನು ಕಾದ ಹಂಚಿನಂತಿರುತ್ತದೆ. ವಾರದಲ್ಲಿ ನಾಲ್ಕೈದು ಸಲ ಹಾಕಿಕೊಂಡಿದ್ದರೆ ಹೆಚ್ಚು ಎಂದ. ಹೊರಗೆ ಬಿದ್ದರೆ ಕಣ್ಣು ಹೋಗುತ್ತದೆ, ಕಣ್ಣು ಹೋದರೆ ಸ್ಟೇರಿಂಗು ಹೋಗುತ್ತದೆ, ಅದಕ್ಕೇ ಟಿಕ್ ಹಾಕಿದೆ ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಸುಳ್ಳು ನಿಮ್ಮ ನಿಯಮ ಹೇಳಿಕೊಟ್ಟ ಪಾಠ. ಅಕ್ಕನ ವಿಷಯ ಕೇಳಿದ, ಹೇಳಿದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ.

ಮುಂದಿನ ಭಾನುವಾರ ಮನೆಗೇ ಬಂದ. ಜೇಬಿನಿಂದ ನಿಮ್ಮ ಹೊಸ ಔಷಧದ ಪುಟ್ಟ ಸೀಸೆ ತೆಗೆದು ಅಕ್ಕನ ಮುಂದಿಟ್ಟು, ಇದರಲ್ಲಿ ತಿಂಗಳಿಗೆ ಬೇಕಾದ್ದಕ್ಕಿಂತ ಒಂದೆರಡು ಹನಿ ಹೆಚ್ಚೇ ಇರುತ್ತದೆ, ತೆಗೆದುಕೊಳ್ಳಿ ಎಂದ. ನಾನು ಆ ಸೀಸೆಯನ್ನು ನೋಡುತ್ತ ನಿಂತೆ. ಸತ್ಯ ಹೇಳಬೇಕೆಂದರೆ, ಅಕ್ಕ ಹೂಂ ಎಂದಿದ್ದರೆ ನಾನೇ ರೆಪ್ಪೆ ಬಿಡಿಸಿ ಹಾಕುತ್ತಿದ್ದೆ. ಆಕೆ ಸೀಸೆಯನ್ನು ಕೈಯಲ್ಲಿ ತಡವಿ ನೋಡಿದಳು, ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುವಿದಳು, ಅವನ ಅಂಗೈಗೆ ವಾಪಸಿಟ್ಟಳು. "ನಿನ್ನ ಕಣ್ಣಿನ ಪಾಲು ನನಗ್ಯಾಕಪ್ಪ? ಇದರೊಳಗ ಹೆಚ್ಚು ಕಡಿಮಿ ಆತಂದ್ರ ನಿನಗ ತೊಂದ್ರಿ" ಎಂದು, ಟೀಚರಮ್ಮನ ಬುದ್ಧಿ ಎಲ್ಲಿ ಹೋಗಬೇಕು, ಈಗಾದರೂ ಡೈರಿಯಲ್ಲಿ ಖರೇ ಬರೆಯುತ್ತೀಯಾ ಎಂದು ಕೇಳಿದಳು. ಮೂಕಣ್ಣ ತಲೆ ತಗ್ಗಿಸಿ ಹೇಳಿದ ಮಾತು ಇದು: "ವಾರಕ್ಕ ಒಂದ ಹನಿ ಅಮ್ಮಾರ. ಸುಳ್ಳು ಬರಿಯಾಕ ಈಗ ಏನೈತ್ರಿ?"

ಅಧ್ಯಕ್ಷರೇ, ನಿಮ್ಮ ಪ್ರಯೋಗದ ಎಲ್ಲ ವರದಿಗಳಿಗಿಂತ ಈ ಮಾತು ದೊಡ್ಡದೆಂದು ನನಗೆ ಅನ್ನಿಸಿತು. ನಿಮ್ಮ ಔಷಧ ಯಾರಿಗೆ ಬೇಕಾಗಿರುವುದು? ದಿನಕ್ಕೆ ಮೂರು ಸಲ ಹನಿ ಹಾಕಿಕೊಳ್ಳಲು ಆಗದವರಿಗೆ. ಧೂಳಿನಲ್ಲಿ ದುಡಿಯುವವನಿಗೆ, ಕೈ ನಡುಗುವವರಿಗೆ, ವ್ರತ ಹಿಡಿದವಳಿಗೆ. ನೀವು ಅದನ್ನು ಕೊಡುತ್ತಿರುವುದು ಯಾರಿಗೆ? ಮೂರು ಸಲ ತಪ್ಪದೆ ಹಾಕಿಕೊಂಡೆವೆಂದು ಕಾಗದದ ಮೇಲೆ ತೋರಿಸಿದವರಿಗೆ. ನಡೆಯಲು ಬರುವವರಿಗೆ ಮಾತ್ರ ಊರುಗೋಲು ಕೊಡುತ್ತೇವೆಂದ ಹಾಗಾಯಿತು. ಇಷ್ಟೇ ಆಗಿದ್ದರೆ ಅನ್ಯಾಯ ಎಂದು ಬಿಡಬಹುದಿತ್ತು. ನಿಮ್ಮ ವಿಜ್ಞಾನವೂ ಇಲ್ಲಿ ಕೆಟ್ಟಿದೆ. ಮೂಕಣ್ಣ ನನಗೆ ತೋರಿಸಿದ ಚೀಟಿಯ ಪ್ರಕಾರ ಅವನ ಕಣ್ಣಿನ ಒತ್ತಡ ಹಳೆಯ ಹನಿಯಲ್ಲಿ ಇಪ್ಪತ್ತೇಳು ಇತ್ತು, ಹೊಸದರಲ್ಲಿ ಹದಿನಾರಕ್ಕೆ ಇಳಿಯಿತು. ಹಳೆಯ ಔಷಧವನ್ನು ಒಂದು ಹೊತ್ತೂ ಬಿಡದೆ ಹಾಕಿಕೊಂಡರೂ ಇಪ್ಪತ್ತೇಳಿದ್ದ ಒತ್ತಡ ಹೊಸದರಿಂದ ಹದಿನಾರಾಯಿತೆಂದು ನೀವು ಬರೆದುಕೊಳ್ಳುತ್ತೀರಿ. ಹಳೆಯ ಔಷಧ ಅವನ ಕಣ್ಣಿಗೆ ಬಿದ್ದದ್ದೇ ಅಪರೂಪ. ಅಂದರೆ ಹೊಸದರ ನಿಜವಾದ ಗುಣ ಎಷ್ಟೆಂದು ನಿಮಗೂ ಗೊತ್ತಿಲ್ಲ, ನಾಳೆ ಅದನ್ನು ಬರೆದುಕೊಡುವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಆ ಬೆಂಚಿನ ಮೇಲೆ ನಾನು ಕಂಡದ್ದು ಒಬ್ಬನನ್ನು. ಉಳಿದ ಡೈರಿಗಳಲ್ಲಿ ಎಷ್ಟು ಟಿಕ್ಕುಗಳು ಯಾವ ಬೆಂಚಿನ ಮೇಲೆ ಹುಟ್ಟಿದವೋ ಯಾರು ಬಲ್ಲರು?

ನಿಮ್ಮ ಉತ್ತರ ಏನಿರಬಹುದೆಂದು ಊಹಿಸಬಲ್ಲೆ. ನಿಯಮ ಎಲ್ಲರಿಗೂ ಒಂದೇ, ಒಬ್ಬರಿಗೆ ಸಡಿಲಿಸಿದರೆ ಪ್ರಯೋಗ ಕೆಡುತ್ತದೆ ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ನಿಯಮ ಮಾಡುವಾಗ ಈ ಊರಿನ ಜನ ಹೇಗೆ ಬದುಕುತ್ತಾರೆಂದು ಯಾರನ್ನಾದರೂ ಕೇಳಿದಿರಾ? ಪಂಚಾಂಗ ನೋಡದ ಮನೆ, ಧೂಳು ಕುಡಿಯದ ಮನೆ ಈ ಸೀಮೆಯಲ್ಲಿ ಎಷ್ಟಿವೆ? ನಿಮ್ಮ ಸಮಿತಿಯಲ್ಲಿ ಸಾರ್ವಜನಿಕರ ಪರವಾಗಿ ಒಬ್ಬ ಸದಸ್ಯರು ಇರಬೇಕಂತೆ. ಅವರು ಇದ್ದಾರೆಯೇ, ಇದ್ದರೆ ಎಚ್ಚರವಾಗಿದ್ದಾರೆಯೇ? ಅಕ್ಕನ ಹಟವೂ ಇದರಲ್ಲಿದೆ ಎನ್ನುತ್ತೀರಿ. ಇದೆ. ಆ ಹಟದ ಜೊತೆ ನಾನು ಅರವತ್ತು ವರ್ಷದಿಂದ ಜಗಳವಾಡುತ್ತಿದ್ದೇನೆ, ಗೆದ್ದಿಲ್ಲ. ಆದರೆ ಹಟಕ್ಕೆ ಶಿಕ್ಷೆಯಾಗಿ ಕಣ್ಣು ಕಿತ್ತುಕೊಳ್ಳುವ ಕಾನೂನು ಇನ್ನೂ ಬಂದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಪ್ರಯೋಗದಲ್ಲಿರುವ ಪ್ರತಿಯೊಬ್ಬರನ್ನೂ, ಆ ಆರು ವಾರ ಹನಿ ನಿಜಕ್ಕೂ ಎಷ್ಟು ಸಲ ಹಾಕಿಕೊಂಡಿರಿ ಎಂದು ಮತ್ತೆ ಕೇಳಿ. ನಿಜ ಹೇಳಿದ ಯಾರನ್ನೂ ಹೊರಹಾಕುವುದಿಲ್ಲವೆಂದು ಮೊದಲು ಬರೆದುಕೊಟ್ಟು ಆಮೇಲೆ ಕೇಳಿ. ನಿಜ ಬರೆದು ಹೊರಗೆ ಬಿದ್ದವರನ್ನು ಬೇರೆಯೇ ಗುಂಪಾಗಿ ಸೇರಿಸಿಕೊಂಡು ಅವರಿಗೂ ಹೊಸ ಹನಿ ಕೊಡಿ, ಯಾಕೆಂದರೆ ಅದು ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾಗಿರುವುದು ಅಂಥವರಲ್ಲೇ. ಮೂಕಣ್ಣನಂಥವರ ಒಂದು ಹನಿಯೂ ನಿಲ್ಲಬಾರದು. ಮತ್ತು ಇದನ್ನು ಮುಂದಿನ ವರ್ಷದ ಸಭೆಗೆ ಇಟ್ಟುಕೊಳ್ಳಬೇಡಿ. ಮೊನ್ನೆಯ ಪರೀಕ್ಷೆಯಲ್ಲಿ ಅಕ್ಕನ ಬಲಗಣ್ಣಿನ ನೋಟ ಮತ್ತಷ್ಟು ಕುಗ್ಗಿದೆ. ಹೀಗೇ ಹೋದರೆ ವರ್ಷದೊಳಗೆ ಓದುವುದು ನಿಲ್ಲುತ್ತದೆಂದು ಡಾಕ್ಟರು ಹೇಳಿದ್ದಾರೆ.

ಈ ಪತ್ರವನ್ನು ಬರೆದು ಮುಗಿಸಿ ಅಕ್ಕನಿಗೆ ಓದಿ ಹೇಳಿದೆ. ಆಕೆ ತನಗಾಗಿ ಏನೂ ಬಯಸುವವಳಲ್ಲ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ, ಚೆನ್ನಾಗಿ ಕೇಳಿಸುತ್ತದೆಂದು. ಅದನ್ನು ಹೊಡೆದು ಹಾಕಿಸಿದಳು. "ಹಂಗ ಬರಿಬ್ಯಾಡೋ. ನನಗೂ ಕಣ್ಣು ಬೇಕು. ಭಾಳ ಬೇಕು" ಎಂದಳು. ಅಕ್ಕ ಯಾವುದನ್ನಾದರೂ ಬೇಕು ಎಂದದ್ದನ್ನು ನಾನು ಈ ವಯಸ್ಸಿನವರೆಗೆ ಕೇಳಿರಲಿಲ್ಲ. ಪತ್ರಕ್ಕೆ ತಾನೂ ಸಹಿ ಮಾಡುತ್ತೇನೆಂದಳು. ಜಾಗ ತೋರಿಸಿ ಪೆನ್ನು ಕೊಟ್ಟೆ. ನಮ್ಮ ಮೇಜಿನ ಮೇಲ್ಮೈ ಬಿಳಿ, ಕಾಗದವೂ ಬಿಳಿ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಆಕೆಗೆ ತಿಳಿಯಲಿಲ್ಲ. ಮೂಲಪ್ರತಿ ಅಂಚೆಯಲ್ಲಿ ನಿಮ್ಮ ಕೈ ಸೇರುತ್ತದೆ, ನೋಡಿ. ಅದರಲ್ಲಿ 'ರಾಧಾ' ಎಂದಷ್ಟೇ ಇದೆ. 'ಬಾಯಿ' ನಮ್ಮ ಮನೆಯ ಮೇಜಿನ ಮೇಲಿದೆ.

ಇಂತಿ,
ಒಮ್ಮೆ ನಿಜ ಬರೆಸಿ, ಇನ್ನೊಮ್ಮೆ ಸುಳ್ಳು ಬರೆಸಲು ಹೋಗಿ,
ಎರಡರಲ್ಲೂ ಅಕ್ಕನಿಗೆ ಪ್ರಯೋಜನಕ್ಕೆ ಬಾರದ ತಮ್ಮ,
ವಿದ್ಯಾಧೀಶ
ಕನ್ನಡಕದ ಅಂಗಡಿ, ಹೊಸಪೇಟೆ